ಅಚ್ಚಿಗೊಂದು, ತೆರೆಗೊಂದು: ಚಿತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ನವೆಂಬರ್ ಬಂತೆಂದರೆ ಮುಂಬೈ, ಪುಣೆ, ಗೋವಾಗಳ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವ, ವಾರ್ಷಿಕೋತ್ಸವ, ಸ್ಮರಣ ಸಂಚಿಕೆಗಳ ಕೆಲಸ ಒಂದರ ಬೆನ್ನಿಗೆ ಒಂದು ಬರುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿತ್ರಗಳಿಗೆ ಸಂಬಂಧಿಸಿದವು. ಅವುಗಳಲ್ಲಿ ಐದನ್ನು ಆರಿಸಿ ಉತ್ತರಿಸಿದ್ದೇನೆ. ಮೊದಲನೆಯ ಪ್ರಶ್ನೆ ಉಳಿದವುಗಳಿಗೂ ತಳಹದಿಯಾಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ನಡುವಿನ ಎರಡು ಪುಟಗಳಿಗೆ ಸದಸ್ಯರ ಗುಂಪುಚಿತ್ರವನ್ನು ಹರಡಿ ಹಾಕಿಸಿದೆವು. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಚಿತ್ರ ಅಚ್ಚಾಗಿ ಬಂದಾಗ ಮುಖಗಳೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದಂತೆ ಮಸುಕಾಗಿದ್ದವು. ಚಿತ್ರ ವಾಟ್ಸಾಪ್‌ನಲ್ಲಿ ಬಂದದ್ದು. ಆದರೆ ಡಿಟಿಪಿ ಮಾಡಿದವರು ಅದನ್ನು 300 ಡಿಪಿಐ ಮಾಡಿಯೇ ಪ್ರೆಸ್‌ಗೆ ಕಳಿಸಿದ್ದೇನೆ ಎನ್ನುತ್ತಾರೆ. ಹಾಗಾದರೆ ತಪ್ಪಾದದ್ದು ಎಲ್ಲಿ?
(ಓದುಗರು, ಡೊಂಬಿವಲಿ)

ಉತ್ತರ: ಡಿಟಿಪಿಯವರು ಸುಳ್ಳು ಹೇಳುತ್ತಿಲ್ಲ, ಆದರೆ ಅವರು ಬದಲಾಯಿಸಿದ್ದು ಒಂದು ಅಂಕಿಯನ್ನು ಮಾತ್ರ. ಡಿಜಿಟಲ್ ಚಿತ್ರದ ಬಂಡವಾಳವೆಂದರೆ ಅದರಲ್ಲಿರುವ ಪಿಕ್ಸೆಲ್‌ಗಳು, ಅಂದರೆ ಅಡ್ಡಕ್ಕೂ ಉದ್ದಕ್ಕೂ ಜೋಡಿಸಿಟ್ಟ ಬಣ್ಣದ ಚುಕ್ಕಿಗಳು. ಒಂದು ಇಂಚಿನ ಕಾಗದದಲ್ಲಿ ಅಂಥ ಎಷ್ಟು ಚುಕ್ಕಿಗಳನ್ನು ಹರಡುತ್ತೇವೆ ಎನ್ನುವುದನ್ನು ಡಿಪಿಐ ಎಂದು ರೂಢಿಯಲ್ಲಿ ಕರೆಯುತ್ತೇವೆ. ಸೇರು ಅಕ್ಕಿಯನ್ನು ಚಿಕ್ಕ ತಟ್ಟೆಯಲ್ಲಿ ಹರಡಿದರೆ ದಟ್ಟವಾಗಿರುತ್ತದೆ, ಅಂಗಳದಲ್ಲಿ ಹರಡಿದರೆ ನೆಲ ಕಾಣುತ್ತದೆ. ಅಂಗಳದಲ್ಲಿ ಹರಡಿದ ಮೇಲೆ ಅದರ ಪಕ್ಕದಲ್ಲಿ 'ದಟ್ಟ' ಎಂದು ಫಲಕ ನೆಟ್ಟರೆ ಅಕ್ಕಿ ಹೆಚ್ಚುವುದಿಲ್ಲ.

ನಿಮ್ಮ ಚಿತ್ರದ ಲೆಕ್ಕವನ್ನೇ ನೋಡೋಣ. ಇಂದಿನ ಸಾಧಾರಣ ಫೋನಿನ 12 ಮೆಗಾಪಿಕ್ಸೆಲ್ ಚಿತ್ರ ಹೆಚ್ಚುಕಡಿಮೆ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದಾಗ ಅದು ಸುಮಾರು 1600ಕ್ಕೆ 1200ರ ಗಾತ್ರಕ್ಕೆ ಕುಗ್ಗುತ್ತದೆ. ಎ4 ಗಾತ್ರದ ಸಂಚಿಕೆಯ ಎರಡು ಪುಟಗಳನ್ನು ತೆರೆದಿಟ್ಟರೆ ಅಗಲ 420 ಮಿಲಿಮೀಟರ್, ಅಂದರೆ ಹದಿನಾರೂವರೆ ಇಂಚು. ಆ ಅಗಲಕ್ಕೆ 1600 ಪಿಕ್ಸೆಲ್ ಹರಡಿದರೆ ಇಂಚಿಗೆ 97 ಮಾತ್ರ ಸಿಗುತ್ತದೆ. ಮೂಲ ಚಿತ್ರ ಸಿಕ್ಕಿದ್ದರೆ ಇಂಚಿಗೆ 242 ಸಿಗುತ್ತಿತ್ತು. ಆಫ್‌ಸೆಟ್ ಮುದ್ರಣದಲ್ಲಿ ಒಳ್ಳೆಯ ಕಾಗದದ ಮೇಲೆ ಇಂಚಿಗೆ ಸಾಮಾನ್ಯವಾಗಿ 150 ಸಾಲು ಚುಕ್ಕಿಗಳನ್ನು ಒತ್ತುತ್ತಾರೆ. ಚಿತ್ರದಲ್ಲಿ ಅದರ ಎರಡರಷ್ಟು, ಅಂದರೆ ಇಂಚಿಗೆ 300 ಪಿಕ್ಸೆಲ್ ಇರಬೇಕೆಂಬ ರೂಢಿ ಬಂದದ್ದು ಇಲ್ಲಿಂದಲೇ. ಒಂದೂವರೆಯಷ್ಟು, ಅಂದರೆ 225 ಇದ್ದರೂ ಕಣ್ಣಿಗೆ ಕೊರತೆ ಕಾಣುವುದಿಲ್ಲ. ಆದ್ದರಿಂದ 242 ನಡೆಯುತ್ತಿತ್ತು, 97 ನಡೆಯಲಿಲ್ಲ. ನಿಮ್ಮ ಡಿಟಿಪಿಯವರು 97ನ್ನು 300ಕ್ಕೆ ಏರಿಸಿದಾಗ ತಂತ್ರಾಂಶ ಇದ್ದ ಎರಡು ಪಿಕ್ಸೆಲ್‌ಗಳ ನಡುವೆ ಅವುಗಳ ಸರಾಸರಿ ಬಣ್ಣವನ್ನು ತುಂಬಿತು. ನೀವು ಕಂಡ ಆ ಒರೆಸಿದಂಥ ಮಸುಕು ಈ ಸರಾಸರಿಯದು.

ಗುಂಪುಚಿತ್ರದಲ್ಲಿ ಈ ನಷ್ಟ ಹೆಚ್ಚು ಎದ್ದು ಕಾಣುವುದಕ್ಕೆ ಇನ್ನೊಂದು ಕಾರಣವಿದೆ. ಒಂದು ಸಾಲಿನಲ್ಲಿ ಇಪ್ಪತ್ತು ಮಂದಿ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. 1600 ಪಿಕ್ಸೆಲ್‌ಗಳನ್ನು ಇಪ್ಪತ್ತು ಮಂದಿಗೆ ಹಂಚಿದರೆ ತಲೆಗೆ 80. ಅದರಲ್ಲಿ ಭುಜ, ಸಂದಿ ಬಿಟ್ಟು ಮುಖಕ್ಕೆ ಸಿಗುವುದು 35 ಅಥವಾ 40. ಜೆಪೆಗ್ ಎಂಬುದು ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದೊಳಗಿನ ಸೂಕ್ಷ್ಮ ವಿವರಗಳನ್ನು ಕೈಬಿಟ್ಟು ಫೈಲನ್ನು ಕಿರಿದಾಗಿಸುವ ವಿಧಾನ. ಆ ಲೆಕ್ಕದಲ್ಲಿ ಒಂದು ಮುಖದ ಅಗಲಕ್ಕೆ ನಾಲ್ಕೈದು ಚೌಕ. ಒಬ್ಬರ ಕಣ್ಣು, ರೆಪ್ಪೆ, ಹುಬ್ಬು ಮೂರೂ ಒಂದೇ ಚೌಕದೊಳಗೆ ಸೇರಿ, ವಾಟ್ಸಾಪ್ ಬಿಗಿಯಾಗಿ ಹಿಂಡಿದಾಗ ಅವುಗಳ ನಡುವಿನ ಗೆರೆ ಅಳಿದುಹೋಗುತ್ತದೆ. ಒಬ್ಬರೇ ಇರುವ ಭಾವಚಿತ್ರವನ್ನು ಇದೇ ದಾರಿಯಲ್ಲಿ ತರಿಸಿ ಕಾಲು ಪುಟಕ್ಕೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮುಂದಿನ ಸಲ ಚಿತ್ರ ತೆಗೆದವರ ಫೋನಿನಿಂದಲೇ ಮೂಲ ಫೈಲನ್ನು ಇಮೇಲ್‌ನಲ್ಲೋ ಗೂಗಲ್ ಡ್ರೈವ್‌ನಲ್ಲೋ ತರಿಸಿಕೊಳ್ಳಿ. ವಾಟ್ಸಾಪ್ ಬಿಟ್ಟು ಬೇರೆ ದಾರಿ ಅವರಿಗೆ ಗೊತ್ತಿಲ್ಲದಿದ್ದರೆ, ಫೋಟೋ ಎಂದು ಆರಿಸದೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಲು ಹೇಳಿದರೆ ಮೂಲ ಫೈಲ್ ಇದ್ದ ಹಾಗೆಯೇ ಬರುತ್ತದೆ. ಈಗಾಗಲೇ ಒಬ್ಬರಿಂದೊಬ್ಬರಿಗೆ ಫಾರ್ವರ್ಡ್ ಆಗಿರುವ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಪ್ರಯೋಜನವಿಲ್ಲ, ಹೋದದ್ದು ಮರಳಿ ಬರುವುದಿಲ್ಲ. ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ದೊಡ್ಡದು ಮಾಡಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಗಿಡಮರ, ಕಟ್ಟಡಗಳ ಚಿತ್ರಕ್ಕೆ ಅದು ಆದೀತು. ಮುಖಗಳಿಗೆ ಬೇಡವೆಂದು ನಾನು ಬಲವಾಗಿ ಹೇಳುತ್ತೇನೆ. ಅದು ಇಲ್ಲದ ಕಣ್ಣು ಮೂಗುಗಳನ್ನು ಊಹಿಸಿ ಬರೆಯುತ್ತದೆ. ಹಾಗೆ ಬಂದ ಮುಖ ಸ್ಪಷ್ಟವಾಗಿರುತ್ತದೆ, ಆದರೆ ನಿಮ್ಮ ಸಂಘದ ಹಿರಿಯ ಸದಸ್ಯರದಾಗಿರುವುದಿಲ್ಲ.

ಪ್ರಶ್ನೆ: ಮುಲುಂಡಿನಲ್ಲಿ ನಡೆದ ಯಕ್ಷಗಾನದ ಮಹಿಷಾಸುರನ ವೇಷದ ಚಿತ್ರವನ್ನು ಸಂಚಿಕೆಯ ಮುಖಪುಟಕ್ಕೆ ಕೊಟ್ಟೆ. ಮೂಲ ಫೈಲನ್ನೇ ಕೊಟ್ಟಿದ್ದೆ. ತೆರೆಯ ಮೇಲೆ ಬೆಂಕಿಯಂತೆ ಹೊಳೆಯುತ್ತಿದ್ದ ಕೆಂಪು ಅಚ್ಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು, ಹಿನ್ನೆಲೆಯ ನೀಲಿ ಬೆಳಕು ನೇರಳೆಯಾಯಿತು. ಪ್ರೆಸ್‌ನವರನ್ನು ದೂರಬಹುದೇ?
(ಹವ್ಯಾಸಿ ಛಾಯಾಗ್ರಾಹಕರು, ಠಾಣೆ)

ಉತ್ತರ: ದೂರುವ ಮೊದಲು ಒಂದು ಕೆಲಸ ಮಾಡಿ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರವೊಂದನ್ನು ಮುಖಪುಟದ ಆ ಕೆಂಪಿನ ಮೇಲಿಟ್ಟು ನೋಡಿ. ಬಹಳ ವರ್ಷಗಳ ಹಿಂದೆ ಲೋವರ್ ಪರೇಲ್‌ನ ಒಂದು ಪ್ರೆಸ್‌ನಲ್ಲಿ ಮಷಿನ್ ನಡೆಸುವವರು ನನ್ನ ಕೈಗೆ ಹೀಗೆ ಮಸೂರ ಕೊಟ್ಟಿದ್ದರು. ಆಗತಾನೇ ಹೊರಬಂದ ಶೀಟು ಇನ್ನೂ ಹಸಿಯಾಗಿತ್ತು. ಬರಿಗಣ್ಣಿಗೆ ಕುಂಕುಮದಂತೆ ಕಂಡ ಜಾಗದಲ್ಲಿ ಮಸೂರದ ಕೆಳಗೆ ಕೆಂಪು ಶಾಯಿಯ ಒಂದು ಚುಕ್ಕಿಯೂ ಇರಲಿಲ್ಲ. ರಾಣಿ ಬಣ್ಣದ ಚುಕ್ಕಿಗಳ ಮೇಲೆ ಹಳದಿ ಚುಕ್ಕಿಗಳು ಕುಳಿತು, ನಾಲ್ಕು ಶಾಯಿಗಳ ಸಾಲುಗಳು ನಾಲ್ಕು ಕೋನಗಳಲ್ಲಿ ಹಾದು, ಅಲ್ಲಲ್ಲಿ ಸಣ್ಣ ಹೂವಿನ ಎಸಳುಗಳಂತೆ ಸುತ್ತಿಕೊಂಡಿದ್ದವು. ಆಫ್‌ಸೆಟ್‌ನ ಬಣ್ಣಗಳೆಲ್ಲ ಹೀಗೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ ಹುಟ್ಟಬೇಕು. ರಾಜಾ ರವಿವರ್ಮ 1894ರಲ್ಲಿ ಇದೇ ಮುಂಬೈಯಲ್ಲಿ ಶುರುಮಾಡಿದ ಲಿಥೋ (ಕಲ್ಲಚ್ಚು) ಮುದ್ರಣಾಲಯದಲ್ಲಿ ಬಣ್ಣಬಣ್ಣಕ್ಕೆ ಬೇರೆ ಬೇರೆ ಕಲ್ಲು ಸಿದ್ಧಪಡಿಸಿ, ಒಂದರ ಮೇಲೊಂದು ಒತ್ತಿ ದೇವರ ಪಟಗಳನ್ನು ತೆಗೆಯುತ್ತಿದ್ದರು. ಇಂದು ಶಾಯಿಗೊಂದರಂತೆ ಇರುವ ನಾಲ್ಕು ಪ್ಲೇಟುಗಳಿಗೆ ಅಷ್ಟೊಂದು ಸ್ವಾತಂತ್ರ್ಯವಿಲ್ಲ.

ನಿಮ್ಮ ತೆರೆ ಕೆಂಪು, ಹಸಿರು, ನೀಲಿ ಬೆಳಕನ್ನು ತಾನೇ ಹೊರಸೂಸಿ ಬಣ್ಣ ತೋರಿಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲಿನ ಶಾಯಿ ಕೋಣೆಯ ಬೆಳಕಿನಲ್ಲಿ ಒಂದು ಭಾಗವನ್ನು ನುಂಗಿ ಉಳಿದುದನ್ನು ಹಿಂದಿರುಗಿಸುತ್ತದೆ. ಹೀಗಾಗಿ ತೆರೆ ತೋರಿಸಬಲ್ಲ ಎಷ್ಟೋ ಬಣ್ಣಗಳು ನಾಲ್ಕು ಶಾಯಿಗಳ ಎಟುಕಿಗೆ ಬರುವುದೇ ಇಲ್ಲ. ರಂಗದ ಎಲ್‌ಇಡಿ ದೀಪಗಳ ಅಚ್ಚ ಕೆಂಪು, ಅಚ್ಚ ನೀಲಿ, ಅಚ್ಚ ಹಸಿರು ಇವುಗಳಲ್ಲಿ ಮುಖ್ಯವಾದವು. ಫೈಲನ್ನು ಸಿಎಂವೈಕೆಗೆ, ಅಂದರೆ ಈ ನಾಲ್ಕು ಶಾಯಿಗಳ ಲೆಕ್ಕಕ್ಕೆ, ಬದಲಿಸಿದಾಗ ಎಟುಕದ ಬಣ್ಣವನ್ನು ಎಟುಕುವ ಹತ್ತಿರದ ಬಣ್ಣಕ್ಕೆ ತಂದು ಕೂರಿಸಲಾಗುತ್ತದೆ. ನೀಲಿ ನೇರಳೆಯತ್ತ ಸರಿಯುವುದು ಇದರಿಂದಲೇ, ಮುದ್ರಕರಿಗೆಲ್ಲ ಇದು ಹಳೆಯ ತಲೆನೋವು.

ಇದಕ್ಕೆ ಪರಿಹಾರವೆಂದರೆ ಆಘಾತವನ್ನು ಅಚ್ಚಿನ ಮುಂಚೆಯೇ, ತೆರೆಯ ಮೇಲೆಯೇ ಅನುಭವಿಸುವುದು. ಯಾವ ಕಾಗದ, ಯಾವ ಪ್ರೊಫೈಲ್ (ಆ ಕಾಗದ, ಶಾಯಿಗಳಲ್ಲಿ ಬಣ್ಣ ಹೇಗೆ ಬರುತ್ತದೆಂದು ವಿವರಿಸುವ ಫೈಲ್) ಎಂದು ಪ್ರೆಸ್‌ನವರನ್ನು ಮೊದಲೇ ಕೇಳಿ. ಆ ಪ್ರೊಫೈಲ್ ಹಾಕಿಕೊಂಡು ಫೋಟೋಶಾಪ್‌ನ ಪ್ರೂಫ್ ಕಲರ್ಸ್ ಸೌಲಭ್ಯವನ್ನು ತೆರೆದರೆ ಅಚ್ಚಿನ ಬಣ್ಣ ಹೆಚ್ಚುಕಡಿಮೆ ಹೇಗಿರುತ್ತದೆಂದು ಕಾಣುತ್ತದೆ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿಯೂ ಈ ಅನುಕೂಲವಿದೆ. ತೆರೆಯ ಪ್ರಕಾಶವನ್ನು ಇಳಿಸಿಕೊಂಡು ನೋಡುವುದು ಅಗತ್ಯ, ಏಕೆಂದರೆ ಪೂರ್ತಿ ಬೆಳಗಿದ ತೆರೆಯಲ್ಲಿ ಸರಿಯೆನಿಸಿದ ಚಿತ್ರ ಕಾಗದದಲ್ಲಿ ಕಪ್ಪಿಡುತ್ತದೆ. ಪ್ರೂಫ್‌ನಲ್ಲಿ ಕೆಂಪು ಮಂಕಾದರೆ ಕೆಂಪನ್ನೇ ಇನ್ನಷ್ಟು ಏರಿಸಲು ಹೋಗಬೇಡಿ. ಸುತ್ತಲಿನ ಬಣ್ಣಗಳನ್ನು ಸ್ವಲ್ಪ ತಗ್ಗಿಸಿ, ಮುಖವರ್ಣಿಕೆಯ ಬಿಳಿ ಗೆರೆಗಳನ್ನು ತುಸು ತೆರೆದರೆ ಅದೇ ಕೆಂಪು ಕಣ್ಣಿಗೆ ಹೆಚ್ಚು ಬಿಸಿಯಾಗಿ ಕಾಣುತ್ತದೆ.

ಹಿನ್ನೆಲೆಯ ಕತ್ತಲನ್ನೂ ನೋಡಿಕೊಳ್ಳಬೇಕು. ನಾಲ್ಕೂ ಶಾಯಿ ಪೂರ್ತಿ ಬಿದ್ದರೆ ಮೊತ್ತ 400 ಶೇಕಡಾ. ಆರ್ಟ್ ಪೇಪರ್ 300ರ ಆಸುಪಾಸಿನವರೆಗೆ ತಾಳಿಕೊಳ್ಳುತ್ತದೆ. ಪತ್ರಿಕೆಯ ಕಾಗದಕ್ಕೆ 240 ಮೀರಿದರೆ ಶಾಯಿ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ, ಚುಕ್ಕಿಗಳು ಹರಡಿ ಇಡೀ ವೇಷ ಕಪ್ಪು ಮುದ್ದೆಯಾಗುತ್ತದೆ. ಸರಿಯಾದ ಪ್ರೊಫೈಲ್ ಈ ಮಿತಿಯನ್ನು ತಾನೇ ಪಾಲಿಸುತ್ತದೆ.

ಇನ್ನೊಂದು ಮಾತು ಚಿತ್ರ ತೆಗೆಯುವ ಹೊತ್ತಿನದು. ಕೆಂಪು ದೀಪದ ಕೆಳಗೆ ಕ್ಯಾಮೆರಾದ ಕೆಂಪು ಚಾನೆಲ್ (ಚಿತ್ರದಲ್ಲಿ ಕೆಂಪು ಬೆಳಕನ್ನಷ್ಟೇ ದಾಖಲಿಸುವ ಪಾಲು) ಒಂದೇ ತುಂಬಿ ತುಳುಕಿ ಬಟ್ಟೆಯ ನೆರಿಗೆ, ಕಸೂತಿ ಎಲ್ಲ ಒಂದೇ ಸಮನಾದ ಕೆಂಪು ತೇಪೆಯಾಗುತ್ತದೆ. ಹಾಗೆ ತುಂಬಿಹೋದದ್ದನ್ನು ಯಾವ ಪ್ರೆಸ್ಸೂ ಬಿಡಿಸಲಾರದು. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧ ಮಾಡಿ, ಸಾಧ್ಯವಾದರೆ ಕ್ಯಾಮೆರಾ ಹಿಂಡದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ. ಆರ್‌ಜಿಬಿಯ (ತೆರೆಯ ಕೆಂಪು, ಹಸಿರು, ನೀಲಿ ಲೆಕ್ಕದ) ಮೂಲ ಫೈಲನ್ನು ಹಾಗೆಯೇ ಇಟ್ಟುಕೊಂಡು ಅದರ ನಕಲಿನ ಮೇಲೆ ಮಾತ್ರ ಸಿಎಂವೈಕೆ ಕೆಲಸ ಮಾಡಿ. ಒಮ್ಮೆ ಕುಗ್ಗಿದ ಬಣ್ಣ ಮತ್ತೆ ಆರ್‌ಜಿಬಿಗೆ ತಂದರೂ ಹಿಗ್ಗುವುದಿಲ್ಲ.

ಪ್ರಶ್ನೆ: ನಮ್ಮ ಸಂಘದ ಜಾಲತಾಣ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ. ಚಿತ್ರಗಳನ್ನೆಲ್ಲ 72 ಡಿಪಿಐ ಮಾಡಿ ಎಂದು ಗೆಳೆಯರು ಹೇಳಿದರು. ಮಾಡಿದೆ, ಏನೂ ಬದಲಾಗಲಿಲ್ಲ.
(ಓದುಗರು, ಪುಣೆ)

ಉತ್ತರ: ಬದಲಾಗುವುದೂ ಇಲ್ಲ. ಜಾಲತಾಣಕ್ಕೆ ಡಿಪಿಐ ಎಂಬ ಅಂಕಿಯಿಂದ ಏನೂ ಆಗಬೇಕಾಗಿಲ್ಲ, ಬ್ರೌಸರ್ ನೋಡುವುದು ಪಿಕ್ಸೆಲ್‌ಗಳನ್ನು ಮಾತ್ರ. 1984ರ ಮೊದಲ ಮೆಕಿಂಟಾಷ್ ಕಂಪ್ಯೂಟರಿನ ತೆರೆಯಲ್ಲಿ ಇಂಚಿಗೆ 72 ಪಿಕ್ಸೆಲ್‌ಗಳಿದ್ದವು. ಆ ಅಂಕಿ ಇಂದಿಗೂ ಬಾಯಿಂದ ಬಾಯಿಗೆ ನಡೆದುಬಂದಿದೆ. ನೀವು ಮಾಡಬೇಕಾದದ್ದು ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸುವುದು. 4000ಕ್ಕೆ 3000ರ ಚಿತ್ರ 1600ಕ್ಕೆ 1200 ಆದಾಗ ಪಿಕ್ಸೆಲ್‌ಗಳ ಒಟ್ಟು ಸಂಖ್ಯೆ ಆರರಲ್ಲಿ ಒಂದಕ್ಕೆ ಇಳಿಯುತ್ತದೆ. ಜೆಪೆಗ್‌ನ ಗುಣಮಟ್ಟವನ್ನು 75 ಅಥವಾ 80ಕ್ಕೆ ಇಟ್ಟು, ಜಾಲತಾಣಗಳ ರೂಢಿಯ ಬಣ್ಣದ ಲೆಕ್ಕವಾದ ಎಸ್‌ಆರ್‌ಜಿಬಿಯಲ್ಲಿ ಉಳಿಸಿ. ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿ ಮಾದರಿಯನ್ನು ಈಗ ಎಲ್ಲ ಮುಖ್ಯ ಬ್ರೌಸರ್‌ಗಳೂ ತೋರಿಸುವುದರಿಂದ ಅದನ್ನೇ ಬಳಸಿದರೆ ಫೈಲ್ ಇನ್ನೂ ಹಗುರಾಗುತ್ತದೆ. ಪ್ರೆಸ್‌ಗೆಂದು ಮಾಡಿದ ಸಿಎಂವೈಕೆ ಫೈಲನ್ನು ಮಾತ್ರ ಜಾಲತಾಣಕ್ಕೆ ಏರಿಸಬೇಡಿ.

ನೀವು ಕೇಳದ ಎರಡು ಸಂಗತಿಗಳನ್ನು ಹೇಳದಿರಲಾರೆ. ನಿಮ್ಮ ತಾಣದಲ್ಲಿ ಕಾರ್ಯಕ್ರಮಗಳ ಆಮಂತ್ರಣಗಳೆಲ್ಲ ಚಿತ್ರಗಳ ರೂಪದಲ್ಲಿಯೇ ಇವೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಚಿತ್ರದೊಳಗಿನ ಕನ್ನಡ ಬರಹವನ್ನು ಹುಡುಕಾಟದಲ್ಲಿ ನೆಚ್ಚುವಂತಿಲ್ಲ, ದೃಷ್ಟಿಹೀನ ಓದುಗರ ಸ್ಕ್ರೀನ್ ರೀಡರ್‌ಗೂ ಅದು ಬರಿಯ 'ಚಿತ್ರ'. ಹತ್ತು ವರ್ಷಗಳ ಬಳಿಕ ಇಂಥ ಉಪನ್ಯಾಸ ಎಂದು ನಡೆಯಿತೆಂದು ಹುಡುಕುವವರಿಗೆ ನಿಮ್ಮ ಸಂಘದ ಇತಿಹಾಸ ಸಿಗುವುದೇ ಇಲ್ಲ. ಆಮಂತ್ರಣದ ಚಿತ್ರ ಇರಲಿ, ಅದರ ಕೆಳಗೆ ದಿನ, ಸ್ಥಳ, ಭಾಗವಹಿಸುವವರ ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲಿ ಬೆರಳಚ್ಚಿಸಿ ಹಾಕಿ. ಪ್ರತಿ ಚಿತ್ರಕ್ಕೂ ಪರ್ಯಾಯ ಪಠ್ಯ ಬರೆಯುವ ಜಾಗವಿರುತ್ತದೆ, ಅಲ್ಲಿ ಒಂದು ಸಾಲು ಕನ್ನಡ ಬರೆಯಿರಿ.

ಎರಡನೆಯದು, ಫೋನಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳು ದಾಖಲಾಗಿರಬಹುದು. ಸದಸ್ಯರ ಮನೆಯಲ್ಲಿ ನಡೆದ ಭಜನೆಯ ಚಿತ್ರವನ್ನು ತಾಣಕ್ಕೆ ಏರಿಸಿದರೆ ಮನೆಯ ವಿಳಾಸವನ್ನೇ ಪ್ರಕಟಿಸಿದಂತೆ. ಉಳಿಸುವಾಗ ಈ ಮಾಹಿತಿಯನ್ನು ತೆಗೆದುಹಾಕುವ ಆಯ್ಕೆ ಇರುತ್ತದೆ, ತಪ್ಪದೆ ಬಳಸಿ. ಡೊಂಬಿವಲಿಯವರಿಗೆ ಹೇಳಿದಂತೆ ಡಾಕ್ಯುಮೆಂಟ್ ಆಗಿ ಕಳಿಸಿದ ಫೈಲಿನಲ್ಲಿ ಈ ಮಾಹಿತಿಯೂ ಜೊತೆಗೇ ಬಂದಿರುತ್ತದೆ.

ಪ್ರಶ್ನೆ: ರಾಜ್ಯೋತ್ಸವಕ್ಕೆ ಮಾಡಿಸಿದ ಫ್ಲೆಕ್ಸ್ ಬ್ಯಾನರ್‌ನಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ 'ರಾಜ್‌ಯೋತ್‌ಸವ' ಎಂದು ಬಂದು ಮುಜುಗರವಾಯಿತು. ಇಲ್ಲಿನ ಪ್ರೆಸ್‌ನವರಿಗೆ ಕನ್ನಡ ಬಾರದು.
(ಸಂಘದ ಕಾರ್ಯದರ್ಶಿಗಳು, ವಾಸ್ಕೊ)

ಉತ್ತರ: ಕನ್ನಡ ಬಾರದವರಿಗೆ ಅಕ್ಷರಗಳನ್ನು ಕಳಿಸಬೇಡಿ, ಆಕಾರಗಳನ್ನು ಕಳಿಸಿ. ವಿನ್ಯಾಸ ಮುಗಿದು, ಕನ್ನಡ ಬಲ್ಲ ಇಬ್ಬರು ಓದಿ ಒಪ್ಪಿದ ಮೇಲೆ, ಅಕ್ಷರಗಳನ್ನು ಔಟ್‌ಲೈನ್‌ಗೆ, ಅಂದರೆ ಬರಿಯ ಗೆರೆಗಳ ಆಕಾರಕ್ಕೆ, ಬದಲಿಸಿ ಪಿಡಿಎಫ್ ಮಾಡಿದರೆ ಅದು ಯಾವ ಕಂಪ್ಯೂಟರಿನಲ್ಲಿ ತೆರೆದರೂ ಚದುರುವುದಿಲ್ಲ. ತಿದ್ದುಪಡಿಗೆಂದು ಔಟ್‌ಲೈನ್ ಮಾಡದ ಇನ್ನೊಂದು ಪ್ರತಿ ನಿಮ್ಮ ಬಳಿ ಇರಬೇಕು. ಒತ್ತಕ್ಷರ ಒಡೆದದ್ದು ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಾದರೆ, ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಭಾರತೀಯ ಲಿಪಿಗಳಿಗೆ ಹೊಂದುವ ಪಠ್ಯ ಎಂಜಿನ್ ಆರಿಸಿರಲಿಲ್ಲ ಎಂದು ತಿಳಿಯಬೇಕು. ಇನ್‌ಡಿಸೈನ್‌ನಲ್ಲಾದರೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಿಸಿದ ಫೈಲಾದರೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುತ್ತವೆ.

ಬ್ಯಾನರ್‌ನ ಚಿತ್ರಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕೆಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಹತ್ತಡಿ ಅಗಲದ ಫ್ಲೆಕ್ಸನ್ನು ಜನ ದೂರದಿಂದ ನೋಡುತ್ತಾರೆ, ಇಂಚಿಗೆ 72 ಧಾರಾಳವಾಯಿತು. ಕೈಯಲ್ಲಿ ಹಿಡಿದು ಓದುವ ಆಮಂತ್ರಣ ಪತ್ರಿಕೆಗೆ ಮಾತ್ರ 300 ಇರಲಿ. ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಉಳಿಯದಂತೆ ಹೊರಗೆ ಚಾಚಿದ ಹೆಚ್ಚುವರಿ ಚಿತ್ರ, ಬಿಡಿ. ಸಣ್ಣ ಅಕ್ಷರಗಳನ್ನು ಕಪ್ಪು ಶಾಯಿಯೊಂದರಲ್ಲೇ ಇಡಿ. ನಾಲ್ಕು ಶಾಯಿಗಳ ಕಪ್ಪಾದರೆ ಪ್ಲೇಟು ಕೂದಲೆಳೆಯಷ್ಟು ಸರಿದರೂ ಕನ್ನಡದ ಒತ್ತುಗಳ ಒಳಗಿನ ಕಿಂಡಿಗಳು ಮುಚ್ಚಿಹೋಗುತ್ತವೆ.

ಪ್ರಶ್ನೆ: ಅಜ್ಜ ಅಜ್ಜಿಯ ಮದುವೆಯ ಕಪ್ಪು ಬಿಳುಪು ಚಿತ್ರವೊಂದಿದೆ, ಮೂರು ಇಂಚು ಅಗಲ, ನಾಲ್ಕು ಇಂಚು ಎತ್ತರ. ಅಂಚುಗಳು ಹಳದಿಯಾಗಿವೆ. ಕುಟುಂಬದ ಪುಸ್ತಕಕ್ಕೆ ಇದನ್ನು ದೊಡ್ಡದಾಗಿ ಹಾಕಬೇಕೆಂದಿದ್ದೇನೆ. ಫೋನಿನಲ್ಲಿ ಫೋಟೋ ತೆಗೆದರೆ ಸಾಕೇ?
(ಗೃಹಿಣಿ, ಮಾಟುಂಗ)

ಉತ್ತರ: ಫೋನು ಸಾಲದು. ಚಿತ್ರವನ್ನು ಚಪ್ಪಟೆ ಗಾಜಿನ ಮೇಲಿಡುವ (ಫ್ಲಾಟ್‌ಬೆಡ್) ಸ್ಕ್ಯಾನರ್ ಇರುವ ಕಡೆಗೆ ಒಯ್ಯಿರಿ. ಮೂರಕ್ಕೆ ನಾಲ್ಕು ಇಂಚಿನ ಚಿತ್ರವನ್ನು ಇಂಚಿಗೆ 600ರಂತೆ ಸ್ಕ್ಯಾನ್ ಮಾಡಿದರೆ 1800ಕ್ಕೆ 2400 ಪಿಕ್ಸೆಲ್ ಸಿಗುತ್ತದೆ. ಅದನ್ನು ಇಂಚಿಗೆ 300ರಂತೆ ಅಚ್ಚು ಹಾಕಿದರೆ ಆರಕ್ಕೆ ಎಂಟು ಇಂಚಿನ ಚಿತ್ರವಾಗುತ್ತದೆ, ಪುಸ್ತಕದ ಇಡೀ ಪುಟಕ್ಕೆ ಅಷ್ಟು ಸಾಕು. ಇಂಚಿಗೆ 600ಕ್ಕಿಂತ ಹೆಚ್ಚು ಇಟ್ಟು ಸ್ಕ್ಯಾನ್ ಮಾಡಿಸಿದರೆ ಹೆಚ್ಚಾಗಿ ಸಿಗುವುದು ಕಾಗದದ ನಾರೇ ಹೊರತು ಅಜ್ಜಿಯ ಮುಖದ ಹೊಸ ವಿವರವಲ್ಲ. ಚಿತ್ರ ಕಪ್ಪು ಬಿಳುಪಾದರೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿಸಿ. ಹಳದಿ ಕಲೆಗಳು ನೀಲಿ ಚಾನೆಲ್‌ನಲ್ಲಿ ಗಾಢವಾಗಿಯೂ ಕೆಂಪು ಚಾನೆಲ್‌ನಲ್ಲಿ ತೆಳುವಾಗಿಯೂ ಬರುವುದರಿಂದ, ಕೆಂಪು ಚಾನೆಲ್ ಒಂದನ್ನೇ ಉಳಿಸಿಕೊಂಡು ಕಪ್ಪು ಬಿಳುಪು ಮಾಡಿದರೆ ಎಷ್ಟೋ ಕಲೆಗಳು ಕೈಹಚ್ಚದೆಯೇ ಮಾಯವಾಗುತ್ತವೆ. ಉಳಿಸುವುದು ವಿವರ ಕಳೆದುಕೊಳ್ಳದ ಟಿಫ್ ಮಾದರಿಯಲ್ಲಿ. ಜೆಪೆಗ್‌ನಲ್ಲಿ ತಿದ್ದಿ ತಿದ್ದಿ ಉಳಿಸಿದಷ್ಟೂ ಸಲ ಚಿತ್ರ ಸವೆಯುತ್ತದೆ.

ಸ್ಕ್ಯಾನ್ ಮಾಡುವ ಮೊದಲು ಮೆತ್ತನೆಯ ಒಣ ಕುಂಚದಿಂದ ದೂಳು ತೆಗೆಯಿರಿ. ನೀರು, ಸ್ಪಿರಿಟ್ ಯಾವುದೂ ಬೇಡ. ಚೌಕಟ್ಟಿನ ಗಾಜಿಗೆ ಚಿತ್ರ ಅಂಟಿಕೊಂಡಿದ್ದರೆ ಎಬ್ಬಿಸಲು ಹೋಗಬಾರದು, ಮುಂಬೈಯ ಮಳೆಗಾಲಗಳನ್ನು ಕಂಡ ಹಳೆಯ ಚಿತ್ರಗಳಲ್ಲಿ ಇದು ಸಾಮಾನ್ಯ. ಎಬ್ಬಿಸಿದರೆ ಮುಖ ಗಾಜಿನಲ್ಲಿಯೇ ಉಳಿದು ಕಾಗದ ಮಾತ್ರ ಕೈಗೆ ಬರುತ್ತದೆ. ಅಂಥದ್ದನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು.

ಚಿತ್ರದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಸ್ಟುಡಿಯೋದ ಮೊಹರು, ಪೆನ್ಸಿಲಿನಲ್ಲಿ ಯಾರೋ ಬರೆದ ತಾರೀಕು, ಊರಿಗೆ ಕಳಿಸುವಾಗ ಅಜ್ಜ ಬರೆದ ಎರಡು ಸಾಲು ಅಲ್ಲಿರಬಹುದು. ಪೆನ್ಸಿಲಿನ ಗುರುತು ತೀರ ಮಾಸಿದ್ದರೂ ಸ್ಕ್ಯಾನ್ ಮಾಡಿದ ಮೇಲೆ ಕಾಂಟ್ರಾಸ್ಟ್ ಏರಿಸಿದರೆ ಎಷ್ಟೋ ಸಲ ಓದಲು ಸಿಗುತ್ತದೆ.